ಚುಕ್ಕಿ ಇಡುವ ಮುಂಚೆ ತೋಟ ನೋಡಪ್ಪ

ಬೆಂಗಳೂರಿನ ಕೆಲಸ ಬಿಟ್ಟು ತುರುವೇಕೆರೆ ಹೊಲಕ್ಕೆ ತೆಂಗು ಹಾಕ್ತೀನಿ ಅಂತ ಬಂದಿದ್ದೀಯ, ಒಳ್ಳೇದಪ್ಪ. ಸಸಿ, ಗೊಬ್ಬರದ ಬುದ್ಧಿ ಹೇಳೋರು ಬೀದಿಗೊಬ್ಬರು ಸಿಗ್ತಾರೆ. ನಾನು ಅಳತೆದು ಹೇಳ್ತೀನಿ.

ಗಿಡದಿಂದ ಗಿಡಕ್ಕೆ 7.5 ಮೀಟರ್ ಬಿಡು. ಮುಂದೆ ಆ ಮರದ ಕೊಬ್ಬರಿಯನ್ನ ಬೆಂಬಲ ಬೆಲೆಗೆ ನಾಫೆಡ್ ಕೇಂದ್ರಕ್ಕೆ ಒಯ್ದರೆ, ಉಂಡೆ 75 ಮಿಲಿಮೀಟರಿಗೆ ಕಮ್ಮಿ ಇರಬಾರದು ಅಂತಾರೆ. ಎರಡರಲ್ಲೂ ಅದೇ ಏಳು, ಅದೇ ಐದು. ಅಂತರ ಮಾತ್ರ ನೂರು ಪಟ್ಟು. ಹತ್ತು ಮಿಲಿಮೀಟರಿಗೆ ಒಂದು ಸೆಂಟಿಮೀಟರ್, ನೂರು ಸೆಂಟಿಮೀಟರಿಗೆ ಒಂದು ಮೀಟರ್, ಸಾವಿರ ಮೀಟರಿಗೆ ಕಿಲೋಮೀಟರ್. ಚುಕ್ಕಿ ಸರಿಸಿದರೆ ಆಯ್ತು. ಮೋಸ ಹೋಗೋದೂ ಅಲ್ಲೇ. ಅಡಿ-ಅಂಗುಲದ ಲೆಕ್ಕ ತಪ್ಪಿದರೆ ಅಂಕಿಯೇ ಬೇರೆ ಬರುತ್ತೆ, ಗುಮಾನಿ ಹುಟ್ಟುತ್ತೆ. ಇಲ್ಲಿ ತಪ್ಪಿದ್ದೂ ಸರಿಯಾದಂಗೇ ಕಾಣುತ್ತೆ. ಅದಕ್ಕೆ ಮೊದಲು ಕಣ್ಣನ್ನ ಕೇಳು: ಇದು ಅಂಗೈಲಿ ಹಿಡಿಯೋ ವಸ್ತುವೋ, ಹೆಜ್ಜೆ ಹಾಕಿ ನಡೆಯೋ ದೂರವೋ? ಡ್ರಿಪ್ಪಿನ ಪೈಪು 16 ಮಿಲಿಮೀಟರ್, ಅಂದರೆ 1.6 ಸೆಂಟಿಮೀಟರ್, ಬೆರಳಿನ ದಪ್ಪ. ಚೀಟಿಯಲ್ಲಿ 16 ಸೆಂಟಿಮೀಟರ್ ಅಂತ ಬರೆದರೆ ಅದು ಬೋರ್‌ವೆಲ್ ಕೊರೆಯೋ ಅಗಲ!

ಗುಣಿ ತೆಗೆಸುವಾಗ ಇನ್ನೂ ಹುಷಾರು. ಉದ್ದ, ಅಗಲ, ಆಳ ಒಂದೊಂದು ಮೀಟರ್ ಇರಲಿ. ಕೂಲಿಯವರು 60 ಸೆಂಟಿಮೀಟರ್ ತೆಗೆದು ಅರ್ಧಕ್ಕಿಂತ ಜಾಸ್ತಿ ಆಯ್ತಲ್ಲ ಸಾಮಿ ಅಂದಾರು. ಉದ್ದ ನೋಡಿದರೆ ಹೌದು. ಮಣ್ಣಿನ ಲೆಕ್ಕಕ್ಕೆ 0.6ನ್ನ ಮೂರು ಸಲ ಗುಣಿಸು, 0.216 ಬರುತ್ತೆ. ಹೆಚ್ಚುಕಮ್ಮಿ ಐದರಲ್ಲೊಂದು ಪಾಲು. ಉದ್ದಕ್ಕೆ ಎರಡು ಮನೆ ಸರಿಯೋ ಚುಕ್ಕಿ ಚದರಕ್ಕೆ ನಾಲ್ಕು, ಘನಕ್ಕೆ ಆರು ಮನೆ ಸರಿಯುತ್ತೆ: ಒಂದು ಘನಮೀಟರ್ ಅಂದರೆ ಹತ್ತು ಲಕ್ಷ ಘನ ಸೆಂಟಿಮೀಟರ್. ಕೂಲಿ ಮಾತಾಡುವ ಮೊದಲೇ ಇದು ತಲೇಲಿರಲಿ.

ದೇಶದಲ್ಲಿ ಮೆಟ್ರಿಕ್ ಅಳತೆ ಬರತೊಡಗಿದ್ದು 1958ರಲ್ಲಿ. ನಮ್ಮ ಕಡೆ ಬಾಯಿಗೆ ಇನ್ನೂ ಬಂದಿಲ್ಲ. ಪಕ್ಕದ ತೋಟದವರು 25 ಅಡಿ ಹಿಡಿ ಅಂತಾರೆ. ತಪ್ಪಲ್ಲ, ಆದರೆ ಅದು 7.62 ಮೀಟರ್. ಒಂದು ಸಾಲಿಗೆ ಅಡಿ, ಇನ್ನೊಂದಕ್ಕೆ ಮೀಟರ್ ಹಿಡಿದೆಯೋ, ಇಪ್ಪತ್ತು ಅಂತರ ದಾಟೋ ಹೊತ್ತಿಗೆ 2.4 ಮೀಟರ್ ವಾರೆ. ಸಾಲಿನ ನಡುವೆ ಟ್ರ್ಯಾಕ್ಟರ್ ಅಡ್ಡಡ್ಡ ಹೊಡೆಯೋಕೆ ಹೋದಾಗ ಗೊತ್ತಾಗುತ್ತೆ. ಯಾವುದಾದರೂ ಒಂದೇ ಹಿಡಿ. ಗೂಟ ನೆಡೋಕೆ ನೈಲಾನ್ ಹಗ್ಗ ಮಾತ್ರ ಬೇಡ, ಎಳೆದರೆ ಹಿಗ್ಗುತ್ತೆ; ಉಕ್ಕಿನ ಟೇಪು ತಗೊಂಡು ಬಾ.