ಮನೆ ಬಾಡಿಗೆಗೆ ಇದೆ: ಓನರುಗಳು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಬೆಂಗಳೂರಿನ ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್ ಮತ್ತು ಪುಲಕೇಶಿನಗರ ಎಂದರೆ ಆಟೊದವರಿಗೂ ತಟ್ಟನೆ ಹೊಳೆಯದ ಫ್ರೇಜರ್ ಟೌನಿನಲ್ಲಿ ಒಂದೋ ಎರಡೋ ಮನೆ ಬಾಡಿಗೆಗೆ ಕೊಟ್ಟಿರುವವರಿಗೆ. ಕೆಳಗೆ ತಾವಿದ್ದು ಮಹಡಿ ಕೊಟ್ಟವರು, ಹಿತ್ತಲ ಔಟ್‌ಹೌಸ್ ಕೊಟ್ಟವರು, ಅಪ್ಪನ ಕಾಲದ ಹೆಂಚಿನ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಪೋರ್ಶನ್ ಮಾಡಿದವರು ಗಮನವಿಟ್ಟು ಓದಬೇಕು. ಹತ್ತಿಪ್ಪತ್ತು ಫ್ಲ್ಯಾಟ್ ಇರುವವರಿಗೆ ವಕೀಲರಿದ್ದಾರೆ, ಮ್ಯಾನೇಜರಿದ್ದಾರೆ. ಅವರಿಗಲ್ಲ ಇದು.

ನೆನಪಿಡಬೇಕಾದ ಮಾತು ಒಂದೇ. ನಿಮ್ಮ ಮನೆ ಬಾಡಿಗೆಯವರ ಕೈಯಲ್ಲಿದೆ, ಅವರ ದುಡ್ಡು ನಿಮ್ಮ ಕೈಯಲ್ಲಿದೆ. ಎರಡನ್ನೂ ಒಂದು ದಿನ ವಾಪಸು ಕೊಡಬೇಕು. ಕೆಳಗಿನ ನಿಯಮಗಳೆಲ್ಲ ಈ ಮಾತಿನಿಂದಲೇ ಹುಟ್ಟಿದವು.

1. ಬೋರ್ಡ್ ನೇತುಹಾಕುವ ಮೊದಲು

ಮಾಡಬೇಕಾದ್ದು

- ತಾರಸಿಯ ಸೋರಿಕೆಯನ್ನು ಬೇಸಿಗೆಯಲ್ಲೇ ಸರಿಮಾಡಿಸಿ. ಮರದ ತೊಲೆ, ಇಟ್ಟಿಗೆ, ಗಾರೆಯ ಹಳೆಯ ಮದ್ರಾಸ್ ತಾರಸಿ ಆಗಸ್ಟ್, ಸೆಪ್ಟೆಂಬರಿನ ಮಳೆಗೆ ಯಾರ ಮುಲಾಜೂ ನೋಡುವುದಿಲ್ಲ.
- ಪ್ರತಿ ಕೋಣೆಯ ಫೋಟೊ ತೆಗೆದು ದಿನಾಂಕ ಸಮೇತ ಇಟ್ಟುಕೊಳ್ಳಿ. ಫ್ಯಾನು, ಗೀಸರು, ನಲ್ಲಿ, ಬೀಗದ ಕೈಗಳ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ರೆಡ್ ಆಕ್ಸೈಡ್ ನೆಲದ ಬಿರುಕು ಮೊದಲೇ ಇತ್ತೋ ಆಮೇಲೆ ಬಂತೋ ಎಂಬ ಜಗಳಕ್ಕೆ ಇದೊಂದೇ ಮದ್ದು.

ಮಾಡಬಾರದ್ದು

- "ನೀವು ಬಂದ ಮೇಲೆ ಮಾಡಿಸಿಕೊಡ್ತೀನಿ" ಎನ್ನಬೇಡಿ. ಬಂದ ಮೇಲೆ ಯಾರೂ ಮಾಡಿಸುವುದಿಲ್ಲ. ಅದು ನಿಮಗೂ ಗೊತ್ತು.
- ನೀರಿನ ಪರಿಸ್ಥಿತಿ ಮುಚ್ಚಿಡಬೇಡಿ. ಕಾವೇರಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್‌ವೆಲ್ ಇದೆಯೇ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೀರಾ, ಆ ದುಡ್ಡು ಯಾರದು, ಇದೆಲ್ಲ ಮನೆ ತೋರಿಸುವ ದಿನವೇ ಹೇಳಿ.

2. ಯಾರಿಗೆ ಕೊಡುವುದು

ಮಾಡಬೇಕಾದ್ದು

- ಗುರುತಿನ ಚೀಟಿ, ಕೆಲಸದ ವಿವರ, ಹಿಂದಿದ್ದ ಮನೆಯ ವಿಳಾಸ ಕೇಳಿ. ಹಿಂದಿನ ಓನರಿಗೆ ಒಂದು ಫೋನ್ ಮಾಡಿ. ಬಾಡಿಗೆ ಸರಿಯಾಗಿ ಕೊಡುತ್ತಿದ್ದರೇ ಎಂದು ಕೇಳಿ, ಅಷ್ಟು ಸಾಕು.
- ಬಾಡಿಗೆಯವರ ವಿವರವನ್ನು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.
- ವಿದೇಶಿಯರು ಬಂದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ವಿವರ ಸಲ್ಲಿಸಬೇಕು. ಲಿಂಗರಾಜಪುರ, ಕಮ್ಮನಹಳ್ಳಿ ಕಡೆಯ ಕಾಲೇಜುಗಳಿಗೆ ಆಫ್ರಿಕಾದಿಂದ ಮಕ್ಕಳು ಬರುತ್ತಾರೆ, ನಮ್ಮ ಬೀದಿಗಳಲ್ಲೂ ಮನೆ ಹುಡುಕುತ್ತಾರೆ. ಆ ವಿವರ ಕೊಡುವ ಹೊಣೆ ಓನರದು.

ಮಾಡಬಾರದ್ದು

- ಜಾತಿ ಕೇಳಬೇಡಿ. ನೇರವಾಗಿ ಕೇಳಲು ನಾಚಿಕೆಯಾಗಿ "ನಿಮ್ಮ ಕಡೆ ಹಬ್ಬ ಯಾವ್ಯಾವುದು ಮಾಡ್ತೀರಿ" ಎಂದು ಸುತ್ತಿ ಬಳಸಿಯೂ ಕೇಳಬೇಡಿ.
- ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂಬುದು ನಿಮ್ಮ ವ್ಯವಹಾರವಲ್ಲ. ಡೇವಿಸ್ ರೋಡಿನ ಹೋಲಿ ಘೋಸ್ಟ್ ಚರ್ಚಿನ ಗಂಟೆಯೂ ರಂಜಾನಿನಲ್ಲಿ ಮಾಸ್ಕ್ ರೋಡಿನಿಂದ ಬರುವ ಕಬಾಬಿನ ಹೊಗೆಯೂ ಸೇರಿಯೇ ಈ ಪ್ರದೇಶ ಆಗಿದ್ದು. ಕನ್ನಡ, ತಮಿಳು, ಉರ್ದು, ಮಲಯಾಳ, ಇಂಗ್ಲಿಷು ಒಂದೇ ಬೀದಿಯಲ್ಲಿ ಕೇಳಿಸುವ ಕಡೆ ಮನೆ ಇಟ್ಟುಕೊಂಡು ಒಂದೇ ವಾಸನೆ ಬೇಕು ಎನ್ನುವುದು ನಡೆಯುವ ಮಾತಲ್ಲ.
- ಒಬ್ಬಂಟಿ ಹೆಣ್ಣುಮಗಳು ಎಂದೋ ಬ್ಯಾಚುಲರ್ ಎಂದೋ ಬಾಗಿಲಲ್ಲೇ ವಾಪಸು ಕಳಿಸಬೇಡಿ. ಬಾಡಿಗೆ ಬಾಕಿ ಇಟ್ಟವರಲ್ಲಿ ಸಂಸಾರಸ್ಥರೂ ಬೇಕಾದಷ್ಟಿದ್ದಾರೆ.

3. ಕರಾರು

ಮಾಡಬೇಕಾದ್ದು

- ಇ-ಸ್ಟ್ಯಾಂಪ್ ಪೇಪರಿನ ಮೇಲೆ ಕರಾರು ಬರೆಸಿ. ಎಲ್ಲರೂ ಹನ್ನೊಂದು ತಿಂಗಳಿಗೇ ಏಕೆ ಬರೆಸುತ್ತಾರೆ ಎಂದರೆ, ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು.
- ಖಾಲಿ ಮಾಡಲು ಎಷ್ಟು ದಿನದ ನೋಟಿಸು ಎಂದು ಸ್ಪಷ್ಟವಾಗಿ ಬರೆಸಿ. ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆ ಬೆಂಗಳೂರಿನಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಇಂದು ಆ ಬಾಡಿಗೆಗೆ ಇಲ್ಲಿ ಸ್ಕೂಟರ್ ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಹಾಗಾಗಿ ನಿಮಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ಏನೂ ಬರೆದಿಲ್ಲವಾದರೆ ಅದರ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕು. ಹದಿನೈದು ದಿನದಲ್ಲಿ ಅವರಿಗೆ ಮನೆ ಸಿಗುವುದಿಲ್ಲ, ನಿಮಗೆ ಜನ ಸಿಗುವುದಿಲ್ಲ. ಎರಡು ತಿಂಗಳು ಎಂದು ಬರೆಸಿ.
- ಒಳಬಾಡಿಗೆಗೆ ಕೊಡುವಂತಿಲ್ಲ ಎಂದು ಬರೆಸಿ. ಬರೆಸದಿದ್ದರೆ ಅದೇ 1882ರ ಕಾಯ್ದೆ ಬಾಡಿಗೆಯವರಿಗೆ ಆ ಹಕ್ಕು ಕೊಡುತ್ತದೆ. ಒಬ್ಬರಿಗೆಂದು ಕೊಟ್ಟ ಮನೆ ಆರು ಮಂಚದ ಪಿ.ಜಿ. ಆದಮೇಲೆ ತಲೆ ಚಚ್ಚಿಕೊಂಡು ಪ್ರಯೋಜನವಿಲ್ಲ.
- ವಿಳಾಸ ಸರಿಯಾಗಿ ಬರೆಸಿ. ರಿಚರ್ಡ್ಸ್ ಟೌನ್ 560005, ರಿಚ್ಮಂಡ್ ಟೌನ್ 560025. ಒಂದೇ ಅಂಕಿಯ ವ್ಯತ್ಯಾಸ. ಮದುವೆ ಕಾಗದ ದಾರಿ ತಪ್ಪಿದರೆ ನಗಬಹುದು, ನೋಟಿಸು ದಾರಿ ತಪ್ಪಿದರೆ ನಗಲಾಗುವುದಿಲ್ಲ.

ಮಾಡಬಾರದ್ದು

- ಬ್ರೋಕರ್ ಕೊಟ್ಟ ಕರಾರನ್ನು ಓದದೆ ಸಹಿ ಹಾಕಬೇಡಿ. ಬಾಡಿಗೆಯವರಿಗೆ ಓದಲು ಬಾರದ ಭಾಷೆಯಲ್ಲಿದ್ದರೆ ಓದಿ ಹೇಳದೆ ಸಹಿ ಹಾಕಿಸಬೇಡಿ.
- ಹನ್ನೊಂದು ತಿಂಗಳಾದ ಕೂಡಲೇ ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸಬೇಡಿ. ಏರಿಕೆ ಎಷ್ಟು ಪರ್ಸೆಂಟು ಎಂಬುದು ಮೊದಲ ದಿನದ ಕರಾರಿನಲ್ಲೇ ಇರಬೇಕು.

4. ಅಡ್ವಾನ್ಸ್ ಮತ್ತು ಭೋಗ್ಯ

ಮಾಡಬೇಕಾದ್ದು

- ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಪಡೆದದ್ದನ್ನು ಬೇರೆ ಖಾತೆಯಲ್ಲೋ ಎಫ್‌.ಡಿ.ಯಲ್ಲೋ ಇಡಿ. ಬಡ್ಡಿ ನಿಮ್ಮದು, ಅಸಲು ನಿಮ್ಮದಲ್ಲ.
- ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿ. 2021ರಲ್ಲಿ ಕೇಂದ್ರ ಸರ್ಕಾರ ಹೊರತಂದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಬಾರದು ಎನ್ನುತ್ತದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ, ತಾನಾಗಿಯೇ ಜಾರಿಗೆ ಬರುವುದಿಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿದುಕೊಳ್ಳಿ. ಕಡಿಮೆ ಅಡ್ವಾನ್ಸ್ ತೆಗೆದುಕೊಂಡವರಿಗೆ ಹಿಂದಿರುಗಿಸುವ ತಲೆನೋವೂ ಕಡಿಮೆ.

ಮಾಡಬಾರದ್ದು

- ಅಡ್ವಾನ್ಸಿನಲ್ಲಿ ಮಗಳ ಮದುವೆ ಮಾಡಬೇಡಿ, ಮೇಲೊಂದು ರೂಮು ಕಟ್ಟಬೇಡಿ.
- ಭೋಗ್ಯಕ್ಕೆ ಕೊಡುವವರು ಇನ್ನೂ ಎಚ್ಚರ. ಲಕ್ಷಗಟ್ಟಲೆ ಇಡಿಗಂಟು ತೆಗೆದುಕೊಂಡು, ಬಾಡಿಗೆಯಿಲ್ಲದೆ ಮನೆ ಕೊಟ್ಟು, ಎರಡು ಮೂರು ವರ್ಷದ ಮೇಲೆ ಅಷ್ಟನ್ನೂ ವಾಪಸು ಕೊಡುವ ವ್ಯವಹಾರ ಇದು. ಕೊಡಬೇಕಾದ ದಿನ ಕೈ ಖಾಲಿಯಿದ್ದರೆ ಹೊಸ ಭೋಗ್ಯದವರನ್ನು ಹುಡುಕಿ ಹಳಬರ ಸಾಲ ತೀರಿಸಬೇಕು. ಇವರ ಟೋಪಿ ಅವರಿಗೆ, ಅವರ ಟೋಪಿ ಇವರಿಗೆ. ಒಂದು ದಿನ ಹೊಸಬರು ಸಿಗುವುದಿಲ್ಲ, ಹಳಬರು ಮನೆ ಬಿಡುವುದಿಲ್ಲ.
- ವರ್ಷ ಮೀರಿದ ಭೋಗ್ಯವನ್ನು ನೋಂದಣಿ ಮಾಡಿಸದೆ ಕೊಡಬೇಡಿ.
- "ಮನೆ ನಮಗೆ ಕೊಡಿ, ತಿಂಗಳು ತಿಂಗಳು ಬಾಡಿಗೆ ನಾವು ಹಾಕ್ತೀವಿ" ಎಂದು ಬರುವ ಮಧ್ಯವರ್ತಿಗಳಿಗೆ ಬೀಗದ ಕೈ ಕೊಡಬೇಡಿ. ನಿಮಗೆ ಬಾಡಿಗೆ ತೋರಿಸಿ, ಒಳಗೆ ಬಂದವರಿಂದ ಭೋಗ್ಯದ ಗಂಟು ವಸೂಲು ಮಾಡಿ ಪರಾರಿಯಾದವರು ಈ ಊರಿನಲ್ಲಿ ಇದ್ದಾರೆ. ಆಮೇಲೆ ಮೋಸ ಹೋದ ಇಬ್ಬರು ಒಂದೇ ಬಾಗಿಲ ಆಚೆ ಈಚೆ ನಿಂತು ಕಿತ್ತಾಡುತ್ತಾರೆ.

5. ಕರೆಂಟು, ನೀರು, ಕಸ

ಮಾಡಬೇಕಾದ್ದು

- ಪ್ರತಿ ಪೋರ್ಶನ್‌ಗೂ ಬೇರೆ ಬೆಸ್ಕಾಂ ಮೀಟರ್ ಹಾಕಿಸಿ. 2023ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯ 200 ಯೂನಿಟ್‌ವರೆಗಿನ ಉಚಿತ ಕರೆಂಟಿನ ಲಾಭ ಬಾಡಿಗೆಯವರಿಗೂ ಉಂಟು. ಅದಕ್ಕೆ ಅವರ ಆಧಾರ್ ಆ ಮನೆಯ ಆರ್‌ಆರ್ ನಂಬರಿಗೆ ಜೋಡಣೆಯಾಗಬೇಕು. ಖಾಲಿ ಮಾಡುವಾಗ ಆ ಜೋಡಣೆ ಬಿಡಿಸಿಕೊಂಡು ಹೋಗಲು ಹೇಳಿ. ಇಲ್ಲದಿದ್ದರೆ ಮುಂದೆ ಬಂದವರು ಅಲೆಯಬೇಕು.
- ಜಲಮಂಡಳಿಯ ಮೀಟರ್ ಇಡೀ ಮನೆಗೆ ಒಂದೇ ಆಗಿದ್ದರೆ, ಪ್ರತಿ ಪೋರ್ಶನ್‌ಗೆ ಒಳಗೊಂದು ಸಣ್ಣ ಮೀಟರ್ ಹಾಕಿಸಿ. ಬಳಕೆ ಹೆಚ್ಚಿದಂತೆ ದರವೂ ಮೆಟ್ಟಿಲೇರುತ್ತದೆ. ಮೂರು ಮನೆಯ ನೀರು ಒಂದೇ ಬಿಲ್ಲಿಗೆ ಬಿದ್ದಾಗ ಯಾರ ಪಾಲು ಎಷ್ಟು ಎಂದು ಹೇಳಲು ಬೇರೆ ದಾರಿಯಿಲ್ಲ.
- ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಬೇರೆ ಬೇರೆ. ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂದು ಗೇಟಿನ ಒಳಬದಿಯಲ್ಲಿ ಬರೆದು ಅಂಟಿಸಿ.

ಮಾಡಬಾರದ್ದು

- ಸೊನ್ನೆ ಬಿಲ್ಲು ಬಂದ ಮನೆಯಿಂದ ಕರೆಂಟಿನ ದುಡ್ಡು ಈಸಿಕೊಳ್ಳಬೇಡಿ. ಇದಕ್ಕೆ ಬೇರೆ ಹೆಸರಿದೆ, ಇಲ್ಲಿ ಬರೆಯುವುದು ಬೇಡ.
- ನೀರಿಲ್ಲದ ತಿಂಗಳಲ್ಲಿ ಬಾಡಿಗೆಯವರಿಗೆ ಬಕೆಟ್ ಎಣಿಸಿ ಕೊಟ್ಟು ನೀವು ಕಾರು ತೊಳೆಯಬೇಡಿ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಇಟ್ಟಿತ್ತು. ಮೇಲಿನ ಬಾಲ್ಕನಿಗೆ ನಿಮ್ಮ ಪೈಪು ಚೆನ್ನಾಗಿ ಕಾಣುತ್ತದೆ.

6. ಅವರು ಇರುವಾಗ

ಮಾಡಬೇಕಾದ್ದು

- ಗೋಡೆಯೊಳಗಿನ ಪೈಪು, ತಾರಸಿ, ವೈರಿಂಗ್ ನಿಮ್ಮ ಖರ್ಚು. ಬಲ್ಬು, ನಲ್ಲಿಯ ವಾಷರು ಅವರ ಖರ್ಚು. ಈ ಗೆರೆಯನ್ನೂ ಕರಾರಿನಲ್ಲೇ ಎಳೆಯಿರಿ. ಪ್ಲಂಬರ್ ಬೇಕೆಂದು ಫೋನ್ ಬಂದರೆ ಅದೇ ದಿನ ಉತ್ತರ ಕೊಡಿ.
- ಒಳಗೆ ಹೋಗಬೇಕಿದ್ದರೆ ಹಿಂದಿನ ದಿನವೇ ತಿಳಿಸಿ. ಮಾದರಿ ಕಾಯ್ದೆ ಹೇಳುವುದೂ 24 ಗಂಟೆಯ ಮುಂಚಿನ ಸೂಚನೆಯನ್ನೇ.

ಮಾಡಬಾರದ್ದು

- ಇನ್ನೊಂದು ಬೀಗದ ಕೈ ಇದೆಯೆಂದು ಅವರಿಲ್ಲದಾಗ ಒಳಗೆ ಹೋಗಕೂಡದು. ಗಿಡಕ್ಕೆ ನೀರು ಹಾಕಲೂ ಕೂಡದು.
- ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಕಿಟಕಿಯಲ್ಲಿ ಕೂತು ಲೆಕ್ಕ ಇಡಬೇಡಿ. ಗೇಟಿಗೆ ರಾತ್ರಿ ಹತ್ತಕ್ಕೇ ಬೀಗ ಜಡಿಯಬೇಡಿ. ನೀವು ನಡೆಸುತ್ತಿರುವುದು ಹಾಸ್ಟೆಲ್ ಅಲ್ಲ.

7. ಬಾಡಿಗೆ ತಪ್ಪಿದರೆ

ಮಾಡಬೇಕಾದ್ದು

- ಮೊದಲ ತಿಂಗಳು ಮಾತಾಡಿ. ಕೆಲಸ ಹೋಗಿರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು. 2020ರ ಲಾಕ್‌ಡೌನಿನಲ್ಲಿ ಕಾದು ನೋಡಿದ ಓನರಿಗೆ ಜನ ಉಳಿದರು, ಕಾಯದವರ ಮನೆಗಳು ತಿಂಗಳುಗಟ್ಟಲೆ ಖಾಲಿ ಬಿದ್ದವು.
- ಎರಡನೇ ತಿಂಗಳೂ ತಪ್ಪಿದರೆ ಬರಹದಲ್ಲಿ ಕೇಳಿ. ಆಮೇಲೆ ವಕೀಲರ ನೋಟಿಸು, ಅದಕ್ಕೂ ಮೀರಿದರೆ ಸ್ಮಾಲ್ ಕಾಸಸ್ ಕೋರ್ಟು. ದಾರಿ ಉದ್ದ, ಆದರೆ ಇರುವುದು ಅದೊಂದೇ.

ಮಾಡಬಾರದ್ದು

- ಕರೆಂಟು ಕಿತ್ತು, ನೀರಿನ ವಾಲ್ವ್ ತಿರುಗಿಸಿ, ಸಾಮಾನು ಬೀದಿಗೆ ಹಾಕಿ ಖಾಲಿ ಮಾಡಿಸಕೂಡದು. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಸ್ವಾಧೀನ ಪಡೆಯುವ ಹಕ್ಕು ಅವರಿಗಿದೆ. ಬಾಡಿಗೆ ಕೊಡದ ಮನುಷ್ಯ ಅಲ್ಲಿಗೆ ವಾದಿ ಆಗುತ್ತಾನೆ, ನೀವು ಪ್ರತಿವಾದಿ.

8. ತೆರಿಗೆ

ಮಾಡಬೇಕಾದ್ದು

- ಬಾಡಿಗೆಯನ್ನು ಆದಾಯವೆಂದು ತೋರಿಸಿ. ನೀವು ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ 30 ಪರ್ಸೆಂಟನ್ನು ರಿಪೇರಿ ಬಿಲ್ಲು ತೋರಿಸದೆಯೇ ಬಿಡುತ್ತಾರೆ.
- ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಕೆಲಸದಲ್ಲಿರುವ ಬಾಡಿಗೆಯವರು ಮನೆಬಾಡಿಗೆ ಭತ್ಯೆಗಾಗಿ ನಿಮ್ಮ ಪ್ಯಾನ್ ಕೇಳುತ್ತಾರೆ. ಕೊಡಿ. ತಿಂಗಳಿಗೆ 50,000 ಮೀರಿದರೆ ಅವರು 2 ಪರ್ಸೆಂಟ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದು ನಿಮ್ಮ ಲೆಕ್ಕಕ್ಕೇ ಜಮಾ ಆಗುತ್ತದೆ, ಬಾಕಿ ಎಂದು ಜಗಳ ತೆಗೆಯಬೇಡಿ.

ಮಾಡಬಾರದ್ದು

- ಮನೆ ಕಂದಾಯದ ಫಾರಮ್ಮಿನಲ್ಲಿ ಬಾಡಿಗೆ ಭಾಗವನ್ನು ಸ್ವಂತ ವಾಸ ಎಂದು ತುಂಬಬೇಡಿ. 2008ರಲ್ಲಿ ಬಂದ ಪದ್ಧತಿಯಲ್ಲಿ ಬಾಡಿಗೆ ಭಾಗಕ್ಕೆ ದರ ಎರಡರಷ್ಟು, ನಿಜ. ಸಿಕ್ಕಿಬಿದ್ದರೆ ವ್ಯತ್ಯಾಸದ ಜೊತೆ ದಂಡ, ಬಡ್ಡಿ ಎರಡೂ ಕಟ್ಟಬೇಕು.

9. ಖಾಲಿ ಮಾಡುವ ದಿನ

ಓನರಾಗಿರುವ ಈ ಬದುಕಿನ ಲಾಭ ಏನೆಂದು ಕೇಳಿದರೆ, ತಿಂಗಳ ಐದನೇ ತಾರೀಖು ಬರುವ ದುಡ್ಡು ಮಾತ್ರವಲ್ಲ. ರಾತ್ರಿ ಎದೆ ಹಿಡಿದುಕೊಂಡಾಗ ಮೇಲಿನಿಂದ ಇಳಿದು ಬಂದು ಆಟೊ ಹಿಡಿಯುವ ಒಬ್ಬರಿರುತ್ತಾರೆ. ಮಕ್ಕಳು ದೂರದೇಶದಲ್ಲಿರುವ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆ ಹೆಜ್ಜೆಸಪ್ಪಳವೇ ಧೈರ್ಯ. ಹಾಗೆ ಇದ್ದವರನ್ನು ಕಳಿಸಿಕೊಡುವ ರೀತಿಯೂ ಒಂದಿದೆ.

ಮಾಡಬೇಕಾದ್ದು

- ಮೊದಲ ದಿನದ ಪಟ್ಟಿ, ಫೋಟೊ ಹಿಡಿದು ಇಬ್ಬರೂ ಮನೆ ಸುತ್ತಿ. ಕಡಿತ ಇದ್ದರೆ ಬಿಲ್ಲು ಸಮೇತ ಬರೆದುಕೊಡಿ.
- ಬೀಗದ ಕೈ ಈಸಿಕೊಳ್ಳುವ ಹೊತ್ತಿಗೇ ಅಡ್ವಾನ್ಸ್ ಅವರ ಖಾತೆಗೆ ಹೋಗಲಿ. ಅವರು ಮುಂದಿನ ಮನೆಗೆ ಅದನ್ನೇ ಕಟ್ಟಬೇಕು.

ಮಾಡಬಾರದ್ದು

- "ಹೊಸಬರು ಬಂದು ಕೊಟ್ಟ ಮೇಲೆ ಕೊಡ್ತೀನಿ" ಎನ್ನಕೂಡದು.
- ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿದು, ಬ್ರಷ್ ಮುಟ್ಟಿಸದೆ ಮುಂದಿನವರಿಗೆ ಮನೆ ಕೊಡಬೇಡಿ. ಈ ಸೂಚನೆ ಬರೆದವನು ಒಮ್ಮೆ ಹಾಗೆ ಮಾಡಿದ್ದಾನೆ. ಹೋದವರು ಜಗಳವಾಡಲಿಲ್ಲ. ಆದರೆ ಅವರಿದ್ದಾಗ ಅವರ ಆಫೀಸಿನಿಂದ ಒಬ್ಬರಾದ ಮೇಲೊಬ್ಬರು ಮನೆ ಕೇಳಿಕೊಂಡು ಬರುತ್ತಿದ್ದರು. ಆಮೇಲೆ ಒಬ್ಬರೂ ಬರಲಿಲ್ಲ. ಬೋರ್ಡ್ ಮೂರು ತಿಂಗಳು ಗೇಟಿನಲ್ಲಿ ತೂಗಾಡಿತು. ಉಳಿಸಿಕೊಂಡದ್ದು ಒಂದು ತಿಂಗಳ ಬಾಡಿಗೆ, ಕಳೆದುಕೊಂಡದ್ದು ಮೂರು ತಿಂಗಳದ್ದು.
- ಸಾಮಾನು ತುಂಬಿದ ಟೆಂಪೊ ಹೊರಟ ಮೇಲೆ ಅದರ ಹಿಂದೆ ಓಡಿ, ಒಡೆದ ಸ್ವಿಚ್ಚಿನ ವಿಷಯ ತೆಗೆಯಬೇಡಿ.