ಸದ್ದೇನೋ ನಿಂತಿತು, ಗಾಡಿ ಏರು ಹತ್ತುತ್ತಿಲ್ಲ

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ ಸ್ಪ್ಲೆಂಡರ್. ಟಕಟಕ ಸದ್ದು ಬರುತ್ತಿದೆ ಎಂದು ಗ್ಯಾರೇಜಿಗೆ ಕೊಟ್ಟೆ. ಟ್ಯಾಪೆಟ್ ಟೈಟ್ ಮಾಡಿಕೊಟ್ಟರು. ಎಂಜಿನ್ ಈಗ ಹೊಸದರಂತೆ ಮೌನವಾಗಿದೆ. ಆದರೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಘಟ್ಟದಲ್ಲಿ ಎಳೆಯುವುದಿಲ್ಲ. ಕಾರ್ಬ್ಯುರೇಟರ್ ಬಿಚ್ಚಿಸಲೇ?
— ಓದುಗರೊಬ್ಬರು, ಶಿರಸಿ

ಉತ್ತರ: ಕಾರ್ಬ್ಯುರೇಟರ್ ಮುಟ್ಟಬೇಡಿ. ನೀವು ಬರೆದ ಲಕ್ಷಣಗಳೆಲ್ಲ ಟ್ಯಾಪೆಟ್ ಅತಿಯಾಗಿ ಬಿಗಿಯಾದುದರ ಕಡೆಗೇ ಬೆರಳು ತೋರುತ್ತಿವೆ. ಅದು ಸರಿಯಾಗುವವರೆಗೆ ಗಾಡಿಯನ್ನು ಹೆಚ್ಚು ಓಡಿಸಲೂ ಬೇಡಿ.

ರಾಕರ್ ಆರ್ಮಿನ ಸ್ಕ್ರೂಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಈ ಬಗೆಯ ಸಣ್ಣ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ 0.05ರಿಂದ 0.1 ಮಿ.ಮೀ. ಒಳಗಿರುತ್ತದೆ, ನಿಮ್ಮ ಮಾಡೆಲ್ಲಿನ ನಿಖರ ಅಳತೆಯನ್ನು ಕಂಪನಿ ಕೊಟ್ಟ ಪುಸ್ತಕದಲ್ಲಿ ನೋಡಿಕೊಳ್ಳಿ. ಎಂಜಿನ್ ಕಾದಾಗ ವಾಲ್ವಿನ ಕಡ್ಡಿ ಉದ್ದವಾಗುತ್ತದೆ. ಸಂದೇ ಇಲ್ಲದಿದ್ದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ತಣ್ಣಗಿದ್ದಾಗ ಚೆನ್ನಾಗಿರುವ ಗಾಡಿ ಬಿಸಿಯಾದ ಮೇಲೆ ಸತಾಯಿಸುವುದು ಅದಕ್ಕೇ. ಇನ್ನೂ ದೊಡ್ಡ ಅಪಾಯ ಎಕ್ಸಾಸ್ಟ್ ವಾಲ್ವಿಗಿದೆ. ಅದು ತನ್ನ ಶಾಖವನ್ನು ಹೆಚ್ಚಾಗಿ ಬಿಟ್ಟುಕೊಡುವುದು ಸೀಟಿಗೆ ತಾಗಿ ಕೂತಾಗ. ಕೂರದಿದ್ದರೆ ಅಂಚು ಸುಟ್ಟುಹೋಗುತ್ತದೆ, ಹೆಡ್ ಇಳಿಸುವ ಕೆಲಸ ಬೀಳುತ್ತದೆ. ಸಡಿಲ ಟ್ಯಾಪೆಟ್ ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿ ಟ್ಯಾಪೆಟ್ ಸದ್ದಿಲ್ಲದೆ ವಾಲ್ವ್ ತಿನ್ನುತ್ತದೆ.

ಗಾಡಿಯನ್ನು ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಸೆಟ್ಟಿಂಗ್ ಮಾಡಿಸಿ. ಗ್ಯಾರೇಜಿನವರು ಬಿಸಿ ಎಂಜಿನ್ನಿಗೇ ಕೈ ಹಾಕಿದರೆ ತಡೆಯಿರಿ. ಮ್ಯಾಗ್ನೆಟ್ ಕವರಿನ ಕಿಂಡಿಯಲ್ಲಿ 'ಟಿ' ಗುರುತು ಸರಿಹೊಂದಿದ ಮಾತ್ರಕ್ಕೆ ಸಾಲದು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಕ್ಯಾಮ್ ಸುತ್ತುವುದು ಒಂದೇ ಸುತ್ತು, ಹಾಗಾಗಿ ಆ ಗುರುತು ತಪ್ಪು ಸ್ಟ್ರೋಕಿನಲ್ಲೂ ಕಾಣುತ್ತದೆ. ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲುಗಿಸಿದಾಗ ಸ್ವಲ್ಪ ಆಡಿದರೆ ಅದೇ ಕಂಪ್ರೆಷನ್ ಸ್ಟ್ರೋಕ್. ಫೀಲರ್ ಗೇಜ್ ತುಸು ಹಿಡಿತದೊಂದಿಗೆ ಜಾರಬೇಕು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಕೊಂಚ ತಿರುಗಿಬಿಡುವುದು ಸಾಮಾನ್ಯ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು. ಕೈ ಅಂದಾಜಿನಲ್ಲಿ ಮಾಡುವವರು ಬಹಳ ಮಂದಿ ಇದ್ದಾರೆ. ಇಷ್ಟು ಸಣ್ಣ ಅಳತೆಯಲ್ಲಿ ಅಂದಾಜನ್ನು ನಾನು ಒಪ್ಪುವುದಿಲ್ಲ.

ಅಳತೆ ಸರಿಯಾದ ಮೇಲೂ ಸಣ್ಣ ಟಿಕ್‌ಟಿಕ್ ಉಳಿದರೆ ಇರಲಿ. ಸದ್ದು ಜೋರಾಗೇ ಇದ್ದರೆ ರಾಕರಿನ ಮುಖ, ಕ್ಯಾಮ್ ಸವೆದಿವೆಯೇ ನೋಡಿಸಿ. ಆಕ್ಸಿಲರೇಟರ್ ಬಿಟ್ಟಾಗ ಚರಚರ ಎಂದರೆ ಅದು ಟೈಮಿಂಗ್ ಚೈನಿನದಾಗಿರಬಹುದು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿನ ಮೇಲಿಟ್ಟು ಹಿಡಿಗೆ ಕಿವಿ ಕೊಟ್ಟರೆ ಸದ್ದು ಎಲ್ಲಿಂದ ಏಳುತ್ತಿದೆ ಎಂಬುದು ಗೊತ್ತಾಗುತ್ತದೆ. ದಪ್ಪ ಆಯಿಲ್ ಹಾಕಿ ಸದ್ದು ಅಡಗಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಸವೆದದ್ದು ಸವೆದೇ ಇರುತ್ತದೆ, ಚಳಿಯಲ್ಲಿ ಆಯಿಲ್ ಮೇಲಕ್ಕೆ ತಲುಪುವುದು ಮಾತ್ರ ತಡವಾಗುತ್ತದೆ.

ಪ್ರಶ್ನೆ: 2014ರ ಕ್ಲಾಸಿಕ್ 350 ಬುಲೆಟ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟ್ಯಾಪೆಟ್ ಸದ್ದು, ಆಮೇಲೆ ಇರುವುದಿಲ್ಲ. ಸೆಟ್ಟಿಂಗ್ ಬೇಕೇ?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಎಂಜಿನ್ನಿನಲ್ಲಿ ಸೆಟ್ ಮಾಡಲು ಸ್ಕ್ರೂವೇ ಇಲ್ಲ. ಅದರದು ಹೈಡ್ರಾಲಿಕ್ ಟ್ಯಾಪೆಟ್. ಆಯಿಲ್ ಒತ್ತಡವೇ ಸಂದನ್ನು ತುಂಬುತ್ತದೆ. ಗಾಡಿ ನಿಂತಾಗ ಒಳಗಿನ ಆಯಿಲ್ ಸ್ವಲ್ಪ ಇಳಿಯುತ್ತದೆ, ಸ್ಟಾರ್ಟ್ ಆದ ಕೆಲವು ಸೆಕೆಂಡುಗಳಲ್ಲಿ ಮತ್ತೆ ತುಂಬಿ ಸದ್ದು ನಿಲ್ಲುತ್ತದೆ. ಇದು ರೋಗವಲ್ಲ. ಬಿಸಿಯಾದ ಮೇಲೂ ಸದ್ದು ಮುಂದುವರಿದರೆ ಮೊದಲು ಆಯಿಲ್ ಮಟ್ಟ, ಆಮೇಲೆ ಫಿಲ್ಟರ್ ನೋಡಿ. 15ಡಬ್ಲ್ಯೂ-50 ಆಯಿಲನ್ನೇ ಹಾಕಿಸಿ. ಅದಕ್ಕೂ ಜಗ್ಗದಿದ್ದರೆ ಟ್ಯಾಪೆಟ್ ಬದಲಿಸಬೇಕಾದೀತು.

ಹಳೆಯ ಎರಕದ ಕಬ್ಬಿಣದ ಸಿಲಿಂಡರಿನ ಬುಲೆಟ್ ಮಾತ್ರ ಬೇರೆ. ಅದರ ಪುಶ್‌ರಾಡ್‌ನ ಕೆಳತುದಿಯಲ್ಲಿ ಅಡ್ಜಸ್ಟರ್ ಇದೆ. ತಣ್ಣಗಿನ ಎಂಜಿನ್ನಿನಲ್ಲಿ, ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಯಲ್ಲಿ, ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಈ ಲೆಕ್ಕವನ್ನು ನಿಮ್ಮ ಗಾಡಿಗೆ ತರಬೇಡಿ.

ಪ್ರಶ್ನೆ: ತಂದೆಯವರ ಕಾಲದ ಯೆಜ್ಡಿ ರಿಪೇರಿ ಮಾಡಿಸುತ್ತಿದ್ದೇನೆ. ಟ್ಯಾಪೆಟ್ ಕೆಲಸಕ್ಕೆಂದು ಬೇರೆ ಬಿಲ್ ಹೇಳಿದ್ದಾರೆ. ಎಷ್ಟು ಸರಿ?
— ಓದುಗರೊಬ್ಬರು, ಮಂಡ್ಯ

ಉತ್ತರ: ಆ ಕಾಲದಲ್ಲಿ ಮೈಸೂರಿನ ಕಾರ್ಖಾನೆಯಿಂದ ಬಂದ ನಿಮ್ಮ ಯೆಜ್ಡಿ ಟೂ-ಸ್ಟ್ರೋಕ್. ಅದರ ಎಂಜಿನ್ನಿನಲ್ಲಿ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಗಾಳಿ ಮತ್ತು ಹೊಗೆಯ ದಾರಿಯನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಸದ್ದಿದ್ದರೆ ಪಿಸ್ಟನ್, ಕನೆಕ್ಟಿಂಗ್ ರಾಡಿನ ಬೇರಿಂಗ್, ಇಲ್ಲವೇ ಪ್ರೈಮರಿ ಚೈನಿನಲ್ಲಿ ಹುಡುಕಬೇಕು. ಆ ಬಿಲ್ ಕಟ್ಟಬೇಡಿ, ಗಾಡಿಯನ್ನು ಯೆಜ್ಡಿ ಗೊತ್ತಿರುವವರ ಕೈಗೆ ಕೊಡಿ.