ಪಕ್ಕದ ಚಾಪೆಯವನು

ಪ್ರೀತಿಯ ಅಳಿಯನಿಗೆ,

ಎನ್ನೆಸ್ಸೆಸ್ ವಾರ್ಷಿಕ ಶಿಬಿರಕ್ಕೆ ನಿನ್ನನ್ನು ತಂಡದ ನಾಯಕನನ್ನಾಗಿ ಮಾಡಿದ್ದಾರೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಖುಷಿಯಾಯಿತು. ನಿನ್ನ ಹಾಗೇ ಚಾಪೆ, ತಟ್ಟೆ-ಲೋಟ ಕಟ್ಟಿಕೊಳ್ಳುತ್ತಿರುವ ಮಕ್ಕಳು ಎಷ್ಟೋ ಇದ್ದಾರೆ. ಅವರೂ ಓದಲಿ ಎಂದೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿಬಿರಾಧಿಕಾರಿಯಾಗಿದ್ದ ವರ್ಷದ ಮಾತು. ಊರಿನ ಶಾಲೆಯಲ್ಲಿ ಬಿಡಾರ. ಮೊದಲ ರಾತ್ರಿಯ ಮನರಂಜನೆಯಲ್ಲಿ ಹುಡುಗನೊಬ್ಬ ಪರಿಚಯ ಹೇಳಿಕೊಳ್ಳುತ್ತಾ ‘ಹಳ್ಳಿ’ ಅನ್ನುವುದನ್ನು ‘ಅಳ್ಳಿ’ ಅಂದ. ಯಾರೋ ಕಿಸಕ್ಕೆಂದರು. ‘ಇನ್ನೊಂದ್ಸಲ ಹೇಳೋ’ ಅಂದರು. ಹಾಲು, ಹಣ್ಣು, ಹಸು ಎಂದು ಒಂದೊಂದೇ ಪದ ಕೊಟ್ಟು ಹೇಳಿಸಿದರು. ಅವನೂ ನಕ್ಕ. ಅವನೇ ನಗುತ್ತಿದ್ದಾನಲ್ಲ ಎಂದು ಕುರ್ಚಿಯಲ್ಲಿ ಕೂತಿದ್ದ ನಾನೂ ನಕ್ಕೆ.

ಮರುದಿನ ಶ್ರಮದಾನದ ಹೊತ್ತಿಗೆ ಅವನ ಹೆಸರೇ ‘ಆಲು’ ಆಗಿತ್ತು. ಚರಂಡಿಯ ಹೂಳೆತ್ತುವ ಕೆಲಸ ದಿನಾ ಅವನ ಪಾಲಿಗೇ. ಮೂರನೆಯ ದಿನ ಪಂಕ್ತಿ ಬಿಟ್ಟು ಅಡುಗೆಯವರ ಜೊತೆ ಒಲೆಯ ಹತ್ತಿರ ಕೂತು ಉಣ್ಣತೊಡಗಿದ. ಐದನೆಯ ದಿನ ಬೆಳಗ್ಗೆ ‘ಮನೇಲಿ ಉಸಾರಿಲ್ವಂತೆ ಸಾ’ ಅಂದು ಮೊದಲ ಬಸ್ಸಿಗೆ ಹೊರಟುಬಿಟ್ಟ. ಕಂಕುಳಲ್ಲಿದ್ದ ಚಾಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆಗಾಲವಲ್ಲ. ನೋಡಿಯೂ ನಾನು ಕೇಳಲಿಲ್ಲ. ರಾತ್ರಿ ಲೈಟ್ ಆರಿಸಿದ ಮೇಲೆ ಅದರ ಮೇಲೆ ನೀರು ಹುಯ್ಯುತ್ತಿದ್ದರಂತೆ.

ಆ ಕೊಠಡಿಯಲ್ಲಿ 20 ಹುಡುಗರಿದ್ದರು. ಕಾಡಿದವರು ಮೂವರು. ಮಿಕ್ಕವರಲ್ಲಿ ಒಬ್ಬನಾದರೂ ‘ಇಲ್ಲಿ ಬಾರೋ, ನನ್ನ ಪಕ್ಕ ಮಲಕ್ಕೋ’ ಅಂದಿದ್ದರೆ ಅವನು ಏಳು ದಿನವೂ ಇರುತ್ತಿದ್ದ. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಆದ್ದರಿಂದ, ಯಾರು ಎಲ್ಲಿ ಮಲಗಬೇಕೆಂದು ನೀನೇ ಗೊತ್ತುಮಾಡು. ಗೆಳೆಯರ ಗುಂಪುಗಳೇ ಮೂಲೆ ಹಿಡಿದರೆ ಒಂಟಿಯಾದವನು ಬಾಗಿಲ ಬಳಿ ಬೀಳುತ್ತಾನೆ. ಕೆಲಸದ ಪಾಳಿಯನ್ನು ಬೋರ್ಡಿನ ಮೇಲೆ ಬರೆದು ಹಾಕು. ತಲೆನೋವೆಂದು ಮಲಗಿದವನನ್ನು, ಊಟಕ್ಕೆ ಕೊನೆಗೆ ಬರುವವನನ್ನು ಗಮನಿಸು.

ಏನಾದರೂ ನಡೆದರೆ ಮೊದಲು ನೊಂದವನ ಪಕ್ಕ ಹೋಗಿ ಕೂರು. ಕಾಡಿದವರನ್ನು ಬೇರೆಯಾಗಿ ಕರೆದು ಮಾತಾಡಿಸು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸಿ ರಾಜಿ ಮಾಡಿಸಲೇಬೇಡ. ಆ ರಾಜಿಯ ಸೇಡು ರಾತ್ರಿ ತೀರುತ್ತದೆ. ಶಿಬಿರದ ಹೆಸರು ಕೆಡುತ್ತದೆಂದು ಬೆಳಗಿನ ತನಕ ಕಾಯದೆ ಅಧಿಕಾರಿಯನ್ನು ಎಬ್ಬಿಸಿ ಹೇಳು. ಅವರು ನನ್ನ ಹಾಗೆ ನಕ್ಕು ಸುಮ್ಮನಾದರೆ ಪ್ರಿನ್ಸಿಪಾಲರಿಗೆ ಫೋನ್ ಮಾಡು.

ಹೀಗೆ ಕಾಡುವುದು ತಮಾಷೆಯಲ್ಲ, ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಗಳು ಕಾಲೇಜಿನ ಹೊರಗೂ, ನೀವು ಹೋಗುವ ಬಸ್ಸಿನೊಳಗೂ ಅನ್ವಯಿಸುತ್ತವೆ. ಕುಮ್ಮಕ್ಕು ಕೊಟ್ಟವನೂ ಅಲ್ಲಿ ತಪ್ಪಿತಸ್ಥನೇ. ಸಹಾಯವಾಣಿ 1800-180-5522. ಹದಿನೆಂಟು ತುಂಬದ ಮಕ್ಕಳಿಗೆ 1098. ಎರಡನ್ನೂ ಪಾಳಿಯ ಪಟ್ಟಿಯ ಕೆಳಗೇ ಬರೆದು ಹಾಕು.

ಅಮ್ಮನಿಗೆ ಹೇಳಿ ಚಾಪೆ ಒಂದು ಹೆಚ್ಚಿಗೆ ಕಟ್ಟಿಕೋ.

ನಿನ್ನ
ಮಾವ